ಆರನೆಯ ಕುರ್ಚಿಯಲ್ಲಿ ಕೂತವರು

“ಜನ ಐದು. ಕುರ್ಚಿ ಆರು ಭರ್ತಿ. ನೀನೇ ಹೇಳು, ತಪ್ಪಿರೋದು ಜನದಲ್ಲೋ ಕುರ್ಚಿಯಲ್ಲೋ?”

ತಕ್ಕಡಿಯಮ್ಮ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಕೇಳಿದರು. ಅವರ ನಾದಿನಿ ಅಳತೆಯ ಪೀಠದ ಮೇಲೆ ಕೂತು, ಅಳತೆಪಟ್ಟಿಯನ್ನು ತನ್ನದೇ ಪಾದಕ್ಕೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದಳು.  ನಾಳೆ ಮಧ್ಯಾಹ್ನ ಎರಡು ಗಂಟೆಯೊಳಗೆ ಆ ಆರನೆಯವರು ಯಾರೆಂದು ಹೇಳು, ಇಲ್ಲದಿದ್ದರೆ ಈ ಪೀಠ ಬಿಟ್ಟು ಏಳು ಎಂದು ಯಜಮಾನರು ನಿನ್ನೆ ಸಂಜೆ ಹೇಳಿದ ಮಾತು ಅವಳ ಕಿವಿಯಿಂದ ಇನ್ನೂ ಇಳಿದಿರಲಿಲ್ಲ.

ಈಗ ಹನ್ನೊಂದೂ ಕಾಲು.

ಅದು ಬೂಟು ಮಾಡುವ ಕಾರ್ಖಾನೆ. ಅಂಗಡಿಯಲ್ಲಿ ಸಿಗುವ ಬೂಟು ಹತ್ತದ ಪಾದಗಳಿಗೆ ಮಾತ್ರ ಅಲ್ಲಿ ಕೆಲಸ. ಒಂದು ಕಾಲು ಗಿಡ್ಡವಾದವರು, ಬೆರಳು ಒಳಕ್ಕೆ ಮಡಚಿಕೊಂಡವರು, ಅಪಘಾತದಲ್ಲಿ ಅರ್ಧ ಪಾದ ಕಳೆದುಕೊಂಡವರು ಅಲ್ಲಿಗೆ ಬರುತ್ತಾರೆ. ಪ್ರತಿಯೊಂದು ಪಾದಕ್ಕೂ ಒಂದು ಮರದ ಅಚ್ಚು. ನಾಲ್ಕು ಗೋಡೆಯ ಉದ್ದಕ್ಕೂ ಸೂರಿನವರೆಗೆ ಅಚ್ಚುಗಳು ಜೋಡಿ ಜೋಡಿಯಾಗಿ ಕೂತಿವೆ, ಒಂದರ ಪಕ್ಕದ್ದು ಒಂದರಂತಿಲ್ಲ.

ಈ ಅಚ್ಚನ್ನು ಮೊದಲು ಕಂಪ್ಯೂಟರಿನಲ್ಲಿ ಬರೆದು, ಆಮೇಲೆ ಕೆತ್ತುವ ಯಂತ್ರಕ್ಕೆ ಕೊಡುವ ಸಾಫ್ಟ್‌ವೇರ್ ಕೊಳ್ಳಬೇಕೆಂದು ಕಾರ್ಖಾನೆ ತೀರ್ಮಾನಿಸಿತ್ತು. ಎರಡು ಆವೃತ್ತಿ ಇದ್ದವು, ಚಿಕ್ಕದು ಮತ್ತು ದೊಡ್ಡದು. ಯಾವುದನ್ನೇ ಕೊಂಡರೂ ಲೈಸೆನ್ಸು ಎರಡು ಬಗೆಯದು ಎಂದು ಮಾರಾಟದ ಪ್ರತಿನಿಧಿ ವಿವರಿಸಿದ್ದ. ಒಂದು, ಹೆಸರು ಬರೆದ ಕುರ್ಚಿ ಇದ್ದಂತೆ. ಯಾರ ಹೆಸರೋ ಅವರೇ ಕೂರಬೇಕು, ಅವರು ರಜೆಯಲ್ಲಿದ್ದರೆ ಕುರ್ಚಿ ಖಾಲಿ. ಇನ್ನೊಂದು ಸರದಿಯ ಕುರ್ಚಿ. ಮೂರು ಕೊಂಡರೆ ಯಾರು ಬೇಕಾದರೂ ಕೂರಬಹುದು, ಆದರೆ ಒಂದು ಹೊತ್ತಿಗೆ ಮೂರೇ ಜನ. ನಾಲ್ಕನೆಯವರು ಯಾರಾದರೂ ಏಳುವ ತನಕ ಕಾಯಬೇಕು.

ಎಷ್ಟು ಕುರ್ಚಿ ಬೇಕು ಎಂದು ತಿಳಿಯಲು ಚಿಕ್ಕ ಆವೃತ್ತಿಯನ್ನು ಎರಡು ವಾರ ಪರೀಕ್ಷೆಗೆ ಕೊಟ್ಟಿದ್ದ. ಎರಡೂ ಆವೃತ್ತಿಗಳನ್ನು ಹೋಲಿಸಿ ಪಟ್ಟಿ ಮಾಡುವ ಕೆಲಸ ನಾದಿನಿಯದು. ಅವಳು ಅಡಿಕೋಲು ಹಿಡಿದು ಗೆರೆ ಎಳೆದು, ನಾಲ್ಕು ಪುಟ ತುಂಬ ಸರಿಗುರುತು ಹಾಕಿದ್ದಳು.

ಎರಡು ವಾರ ಮುಗಿದ ಮೇಲೆ ಬಂದ ವರದಿಯೇ ಈಗ ತಕ್ಕಡಿಯಮ್ಮನ ಕೈಯಲ್ಲಿತ್ತು. ಖರೀದಿಯ ಕಾಗದಕ್ಕೆ ಸಹಿ ಬೀಳುವ ತನಕ ಸಾಫ್ಟ್‌ವೇರ್ ನಡೆಯಲಿ ಎಂದು ಪ್ರತಿನಿಧಿ ಬಿಟ್ಟಿದ್ದ. ಬೆಳಗಿನ ಹೊತ್ತು ಎರಡು ಕುರ್ಚಿ, ಕೆಲವು ದಿನ ಮೂರು. ಮಧ್ಯಾಹ್ನದ ಮೇಲೆ ಮೂರು. ಒಂದು ಗಂಟೆಯಿಂದ ಎರಡರವರೆಗೆ ಮಾತ್ರ ಆರು. ಎರಡು ವಾರವೂ ತಪ್ಪದೆ ಆರು.

ಆ ಸಾಫ್ಟ್‌ವೇರ್ ಮುಟ್ಟುವವರು ನಾದಿನಿಯೂ ಸೇರಿ ಐದೇ ಜನ. ಪ್ರತಿನಿಧಿ ನಕ್ಕು, ನಿಮಗೆ ಆರು ಕುರ್ಚಿ ಬೇಕು ಅಂದಿದ್ದ. ಯಜಮಾನರು ನಕ್ಕಿರಲಿಲ್ಲ. ಸ್ವಂತ ಮನೆಯವರಿಗೂ ತೋರಿಸದ ಪಾದವನ್ನು ಜನ ನಮ್ಮ ಮುಂದೆ ಚಾಚುತ್ತಾರೆ, ಆ ಚಿತ್ರಗಳನ್ನು ಯಾರೋ ಹೊರಗೆ ಸಾಗಿಸುತ್ತಿದ್ದಾರೆ ಎಂದು ಅವರ ಅನುಮಾನ. ಗುಪ್ತಪದಗಳೆಲ್ಲ ಇದ್ದದ್ದು ನಾದಿನಿಯ ಕೈಯಲ್ಲಿ.

“ಆರು ವರ್ಷ ಅತ್ತಿಗೆ,” ಎಂದಳು ನಾದಿನಿ ಕೊನೆಗೆ. “ಆರು ವರ್ಷ ಬಗ್ಗಿ ಬಗ್ಗಿ ಊರವರ ಕಾಲು ಹಿಡಿದಿದ್ದೀನಿ. ಈಗ ನನ್ನ ಕಾಲೇ ಎಳೀತಿದ್ದಾರೆ.”

“ಎಳೆದರೆ ಎಳೀಲಿ. ನಿನ್ನ ಅಣ್ಣನೂ ಮೂವತ್ತು ವರ್ಷದಿಂದ ನನ್ನ ಕಾಲು ಎಳೀತಾನೇ ಇದ್ದಾರೆ, ನಾನೇನು ಬಿದ್ದೆನಾ? ಏಳು, ಕಾರ್ಖಾನೆ ತೋರಿಸು.”

ತಕ್ಕಡಿಯಮ್ಮ ಅನ್ನುವುದು ಅವರ ಹೆಸರಲ್ಲ. ಅಳತೆ ಮತ್ತು ತೂಕದ ಇನ್ಸ್‌ಪೆಕ್ಟರಾಗಿ ಮೂವತ್ತೊಂದು ವರ್ಷ ಅಂಗಡಿ ಅಂಗಡಿ ತಿರುಗಿದ್ದಕ್ಕೆ ಜನ ಕೊಟ್ಟ ಬಿರುದು. ಅಂಗಡಿಯವನು ತಟ್ಟೆ ಒರೆಸಿ ತೋರಿಸಿದರೆ ಅವರು ತಟ್ಟೆಯ ಅಡಿಗೆ ಕೈ ಹಾಕುತ್ತಿದ್ದರು. ನಿವೃತ್ತಿಯಾದ ಮೇಲೂ ಆ ಕೈಗೆ ಬಿಡುವು ಸಿಕ್ಕಿರಲಿಲ್ಲ.

ಕತ್ತರಿಸುವ ಕೋಣೆಯಲ್ಲಿ ಐದು ಮೇಜು, ಮೇಜಿಗೊಂದು ಕಂಪ್ಯೂಟರು. ಮೂಲೆಯಲ್ಲೊಂದು ಉದ್ದನೆಯ ಕಬ್ಬಿಣದ ಒಲೆ, ಅದರ ಮೇಲೆ ಸಾಲಾಗಿ ಐದು ಸಣ್ಣ ಅಂಟಿನ ಕುಂಡಗಳು. ಚರ್ಮ ಕತ್ತರಿಸುವ ಹೆಂಗಸು, ಅಗಲ ಭುಜದ ಗಟ್ಟಿಗಿತ್ತಿ, ಕತ್ತಿ ಮಸೆಯುತ್ತ ನಿಂತಿದ್ದಳು. ಒಲೆ ಇನ್ನೂ ತಣ್ಣಗಿರುವುದನ್ನು ಕಂಡು ತಕ್ಕಡಿಯಮ್ಮ ಅದನ್ನು ಯಾವಾಗ ಹಚ್ಚುತ್ತೀರಿ ಎಂದು ವಿಚಾರಿಸಿದರು.

ಊಟಕ್ಕೆ ಏಳುವ ಮುಂಚೆ ಅಂದಳು ಅವಳು. ಅಂಟು ಕರಗಲು ಮುಕ್ಕಾಲು ಗಂಟೆ ಬೇಕು. ಊಟ ಮುಗಿಸಿ ಬಂದು ಹಚ್ಚಿದರೆ ಮಧ್ಯಾಹ್ನವೆಲ್ಲ ಕೈ ಕಟ್ಟಿ ಕೂರಬೇಕಾಗುತ್ತದೆ. ಹಾಗಾಗಿ ಒಂದು ಗಂಟೆಗೆ ಐದು ನಿಮಿಷ ಇರುವಾಗ ಪ್ರತಿಯೊಬ್ಬರೂ ತಮ್ಮ ಕುಂಡವನ್ನು ಒಲೆಯ ಮೇಲಿಟ್ಟು ಹೋಗುವುದು ಅಲ್ಲಿನ ಹಳೆಯ ವಾಡಿಕೆ. ಬೇರೆ ಏನು ಮರೆತರೂ ಅದನ್ನು ಮರೆಯುವವರಿಲ್ಲ.

ತಕ್ಕಡಿಯಮ್ಮ ಕಂಪ್ಯೂಟರಿನತ್ತ ತಿರುಗಿದರು. ಇದನ್ನೂ ಹಾಗೇ ಮಾಡ್ತೀರಾ ಎಂದು ಕೇಳಿದರು.

“ಮಾಡದೆ ಮತ್ತೆ? ಇದೂ ತೆರೆದುಕೊಳ್ಳೋಕೆ ಹತ್ತು ನಿಮಿಷ ಗಿರಗಿರ ತಿರುಗುತ್ತೆ. ಮಧ್ಯಾಹ್ನದ ಚಿತ್ರ ತೆರೆದಿಟ್ಟೇ ಊಟಕ್ಕೆ ಹೋಗೋದು. ಬರೋಹೊತ್ತಿಗೆ ಬಿಸಿಯಾಗಿರುತ್ತೆ,” ಎಂದು ಹೇಳಿ, ತನ್ನ ಮಾತಿಗೆ ತಾನೇ ನಕ್ಕಳು.

ತಕ್ಕಡಿಯಮ್ಮನೂ ನಕ್ಕರು. ಆಮೇಲೆ ವರದಿಯ ಅಂಚಿನಲ್ಲಿ ಪೆನ್ಸಿಲಿನಿಂದ ಐದು ಸಣ್ಣ ಸೊನ್ನೆ ಬರೆದರು. ಕಾರ್ಖಾನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲೇ ಕುರ್ಚಿಗಳು ತುಂಬಿರುತ್ತಿದ್ದವು. ಐದರಲ್ಲೂ ಕೂತಿದ್ದದ್ದು ವಾಡಿಕೆ, ಮನುಷ್ಯರಲ್ಲ. ನಿಜವಾಗಿ ಕೆಲಸ ನಡೆಯುವ ಹೊತ್ತಿನಲ್ಲಿ ಮೂರಕ್ಕಿಂತ ಹೆಚ್ಚು ಕುರ್ಚಿ ಒಮ್ಮೆಯೂ ತುಂಬಿರಲಿಲ್ಲ.

“ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನೀವು ಮಂಚದಿಂದ ಇಳಿದು ಹೋದಮೇಲೂ ಹಾಸಿಗೆ ತುಂಬಿದೆ,” ಎಂದು ನಾದಿನಿಗೆ ಹೇಳಿದರು. ಅವಳ ಮುಖಕ್ಕೆ ಬೆಳಗಿನಿಂದ ಮೊದಲ ಬಾರಿಗೆ ಸ್ವಲ್ಪ ಕಳೆ ಬಂತು.

ಆದರೆ ಐದು ಹೋದರೂ ಒಂದು ಉಳಿಯಿತು.

ಅಚ್ಚಿನ ಕೋಣೆ ಕಾರ್ಖಾನೆಯ ಹಿಂಬದಿಗೆ. ಮರದ ಪುಡಿಯ ವಾಸನೆ, ಗೂಟಕ್ಕೆ ನೇತುಹಾಕಿದ ಅರಗಳು, ಉಳಿಗಳು. ಒಂದು ಮೂಲೆಯಲ್ಲಿ ಗೋಣಿ ಹೊದ್ದ ಹಳೆಯ ಕಂಪ್ಯೂಟರು. ಅದು ಕೆಟ್ಟಿದೆ ಎಂದು ನಾದಿನಿ ಅಂದಳು. ತಕ್ಕಡಿಯಮ್ಮ ಗೋಣಿಯ ಮೇಲೆ ಬೆರಳಾಡಿಸಿದರು. ಕೋಣೆಯೆಲ್ಲ ಪುಡಿ ಕೂತಿತ್ತು, ಗೋಣಿಯ ಮೇಲೆ ಕೂತಿರಲಿಲ್ಲ.

ಅವರು ಅಚ್ಚುಗಳ ಸಾಲಿನ ಕಡೆಗೆ ನಡೆದರು. ಕೆಳಗಿನ ಹಲಗೆಯಲ್ಲಿ ಒಂದು ಅಚ್ಚು ಬಿಗಿಯಾಗಿ ಕೂರಲೆಂದು ಯಾರೋ ಕಾಗದವನ್ನು ಮಡಿಸಿ ತುರುಕಿದ್ದರು. ಬಿಡಿಸಿ ನೋಡಿದರೆ ಎರಡು ಪಾದಗಳ ಚಿತ್ರ, ಸಾಫ್ಟ್‌ವೇರಿನಲ್ಲಿ ಬರೆದದ್ದು. ಎಡ ಪಾದದ ಹೆಬ್ಬೆರಳು ಒಳಕ್ಕೆ ಬಾಗಿತ್ತು. ಬಲ ಪಾದದ್ದೂ ಅಷ್ಟೇ ಬಾಗಿತ್ತು. ಕನ್ನಡಿಯಲ್ಲಿ ಕಂಡಂತೆ, ಕೂದಲೆಳೆಯ ವ್ಯತ್ಯಾಸವಿಲ್ಲದೆ. ಚಿತ್ರದ ಅಡಿಯಲ್ಲಿ ಮಸುಕಾಗಿ ಅಚ್ಚಾಗಿತ್ತು: ಕಲಿಕೆಗೆ ಮಾತ್ರ, ಮಾರಾಟದ ಕೆಲಸಕ್ಕಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಮೇಸ್ತ್ರಿ ನಿಂತಿದ್ದರು.

ನಲವತ್ತು ವರ್ಷದಿಂದ ಅಲ್ಲಿ ಕಷ್ಟದ ಪಾದದ ಅಚ್ಚು ಕೆತ್ತುವವರು ಅವರೊಬ್ಬರೇ. ಅರವತ್ತು ದಾಟಿದ ಮನುಷ್ಯ, ಕಿವಿಯ ಹಿಂದೆ ಸದಾ ಒಂದು ಪೆನ್ಸಿಲು. ಸಾಫ್ಟ್‌ವೇರ್ ಕೊಳ್ಳುವ ಮಾತು ಬಂದ ದಿನ, ನನ್ನ ಕೈಗೇ ಕಣ್ಣಿದೆ, ನನಗೆ ಪರದೆ ಬೇಡ ಎಂದು ಎಲ್ಲರೆದುರು ಹೇಳಿ ಎದ್ದು ಹೋಗಿದ್ದರಂತೆ.

ತಕ್ಕಡಿಯಮ್ಮ ನಾದಿನಿಯನ್ನು ನೀರು ತರಲು ಕಳಿಸಿ, ಒಂದು ಮರದ ದಿಮ್ಮಿಯ ಮೇಲೆ ಕೂತರು. ಕಾಗದವನ್ನು ಮಡಿಲ ಮೇಲೆ ಸರಿಮಾಡಿ ಇಟ್ಟರು.

“ಇದು ಯಾರ ಕೈ, ಮೇಸ್ತ್ರಿ?”

“ಯಂತ್ರದ್ದು.”

“ಯಂತ್ರಕ್ಕೆ ಗೋಣಿ ಹೊದಿಸಿದ ಕೈ ಯಾರದು ಅಂತ ಕೇಳಿದೆ.”

ಮೇಸ್ತ್ರಿ ಕಿವಿಯ ಹಿಂದಿನ ಪೆನ್ಸಿಲು ತೆಗೆದು ನೋಡಿದರು, ಮತ್ತೆ ಅಲ್ಲೇ ಇಟ್ಟರು. ನೀವು ಅಳತೆಯವಳ ಅತ್ತಿಗೆ ಅಲ್ಲವೆ, ಅವಳನ್ನು ಉಳಿಸಿಕೊಳ್ಳೋಕೆ ನನ್ನ ಕುತ್ತಿಗೆ ಹುಡುಕಿಕೊಂಡು ಬಂದಿರಿ ಎಂದರು. ಅದಕ್ಕೆ ತಕ್ಕಡಿಯಮ್ಮ, ತಟ್ಟೆಗೆ ಏನು ಬಿದ್ದರೂ ತೂಗುವುದಷ್ಟೇ ತನ್ನ ಕೆಲಸ, ಯಾರ ಕುತ್ತಿಗೆಯೆಂದು ಮೊದಲೇ ನೋಡುವ ಅಭ್ಯಾಸವಿಲ್ಲ ಎಂದರು. ಆಮೇಲೆ ಸುಮ್ಮನೆ ಕೂತರು. ಸುಮ್ಮನೆ ಕೂರುವುದು ಅವರಿಗೆ ಬಹಳ ಚೆನ್ನಾಗಿ ಬರುತ್ತಿತ್ತು.



“ಕೈ ನಡುಗುತ್ತೆ ತಾಯಿ,” ಎಂದರು ಮೇಸ್ತ್ರಿ. “ಒಂದು ವರ್ಷ ಆಯ್ತು. ಬೆಳಿಗ್ಗೆ ಅಷ್ಟಿಲ್ಲ, ಹನ್ನೊಂದರ ಮೇಲೆ ಉಳಿ ನಿಲ್ಲಲ್ಲ. ನಾನು ನಿಂತುಬಿಟ್ಟರೆ ಈ ಗೋಡೆ ತುಂಬ ಇರೋ ಲೆಕ್ಕ ಯಾರ ತಲೇಲಿದೆ? ಅದಕ್ಕೇ ಕಲೀತಿದ್ದೀನಿ.”

ಉಳಿದದ್ದನ್ನು ಅವರು ನೆಲ ನೋಡುತ್ತಲೇ ಹೇಳಿದರು. ವಾರಕ್ಕೆ ಎರಡು ಸಂಜೆ ಒಂದು ತರಗತಿಗೆ ಸೇರಿದ್ದರು. ಅಲ್ಲಿ ಕಲಿಯುವವರಿಗೆಂದು ಆ ಸಾಫ್ಟ್‌ವೇರಿನ ಒಂದು ಆವೃತ್ತಿಯನ್ನು ಪುಕ್ಕಟೆ ಕೊಡುತ್ತಾರೆ. ಊಟದ ಹೊತ್ತಿನಲ್ಲಿ ಎಲ್ಲರೂ ಹೊರಗೆ ಹೋದಾಗ ಈ ಕೋಣೆಯ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದರು. ಎಲ್ಲರೆದುರು ಅಷ್ಟು ದೊಡ್ಡ ಮಾತಾಡಿ, ಈಗ ಸ್ಲೇಟು ಹಿಡಿದ ಅಜ್ಜ ಅನ್ನಿಸಿಕೊಳ್ಳಲು ನಾಚಿಕೆ.

“ನಾಚಿಕೆ ಯಾಕೆ? ಕಲಿಯೋರಿಗೆ ಗಂಟೆ ಹೊಡೆದು ಬಾಗಿಲು ಹಾಕೋ ಶಾಲೆ ಇನ್ನೂ ಕಟ್ಟಿಲ್ಲ,” ಎಂದರು ತಕ್ಕಡಿಯಮ್ಮ. “ಆದರೆ ಈ ಬಲಗಾಲು ಯಾಕೆ ಹೀಗೆ? ಯಾವ ಮನುಷ್ಯನಿಗೆ ಎರಡೂ ಹೆಬ್ಬೆರಳು ಇಷ್ಟು ಒಂದೇ ಸಮ ಬಾಗಿರುತ್ತೆ?”

ಮೇಸ್ತ್ರಿಯ ಮುಖ ಇನ್ನಷ್ಟು ಇಳಿಯಿತು. ಅದು ತನ್ನ ದಡ್ಡತನ ಅಂದರು. ಮೊದಲ ಪಾದ ಬರೆದು, ಎರಡನೆಯ ಪಾದದ ಗುಂಡಿ ಒತ್ತಿದರೆ ಈ ಸಾಫ್ಟ್‌ವೇರ್ ಮೊದಲನೆಯದನ್ನೇ ಮಗುಚಿ ಕೊಡುತ್ತಿತ್ತು. ಎಷ್ಟು ಬಾರಿ ಮಾಡಿದರೂ ಅಷ್ಟೇ. ನಾದಿನಿಯ ಪರೀಕ್ಷೆಯಲ್ಲಿ ಕೆತ್ತಿದ ಏಳು ಜೋಡಿಗಳನ್ನು ಅವರು ಕೈಯಾರೆ ಮುಟ್ಟಿ ನೋಡಿದ್ದರು. ಅವೆಲ್ಲ ಸರಿಯಾಗಿಯೇ ಇದ್ದವು, ಎರಡನೆಯ ಪಾದ ಅದರದೇ ಆಕಾರದಲ್ಲಿ. ಅವಳಿಗೆ ಬರುತ್ತದೆ, ತನಗೆ ಬರುವುದಿಲ್ಲ, ವಯಸ್ಸಾಯಿತು ಎಂದುಕೊಂಡು ಸುಮ್ಮನಾಗಿದ್ದರು.

ತಕ್ಕಡಿಯಮ್ಮ ದಿಮ್ಮಿಯಿಂದ ಎದ್ದರು. ಮಂಡಿ ಲಟಕ್ಕೆಂದಿತು, ಅದನ್ನು ಅವರು ಲೆಕ್ಕಿಸಲಿಲ್ಲ.

ನೀರಿನ ಲೋಟ ಹಿಡಿದು ಬಂದ ನಾದಿನಿಯನ್ನು ಅಲ್ಲೇ ನಿಲ್ಲಿಸಿ, ಎರಡನೆಯ ಪಾದದ ಗುಂಡಿ ಯಾವಾಗ ಒತ್ತುತ್ತಿದ್ದೆ ಎಂದು ಕೇಳಿದರು. ಊಟಕ್ಕೆ ಏಳುವಾಗ, ಎಂದಳು ಅವಳು. ಒತ್ತಿದರೆ ತುಂಬ ಹೊತ್ತು ತಿರುಗುತ್ತದೆ, ಒತ್ತಿ ಹೋದರೆ ಬರುವಷ್ಟರಲ್ಲಿ ಆಗಿರುತ್ತದೆ. ಬಂದು ಅಳತೆ ಹಿಡಿದು ನೋಡಿದ್ದೇನೆ, ಏಳಕ್ಕೆ ಏಳೂ ಸರಿ. ಅದಕ್ಕೇ ಪಟ್ಟಿಯಲ್ಲಿ ಎರಡೂ ಆವೃತ್ತಿಗೆ ಸರಿಗುರುತು ಹಾಕಿದ್ದು.

“ಆಗೋದನ್ನ ಕಣ್ಣಾರೆ ನೋಡಿದೆಯಾ?”

“ಇಲ್ಲ. ಆಗಿದ್ದನ್ನ ನೋಡಿದೆ.”

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ. ಅಂದು ಆ ಹುಣ್ಣೇ ಕನ್ನಡಿಯೊಳಗಿತ್ತು. ತಕ್ಕಡಿಯಮ್ಮ ಕನ್ನಡಕ ಏರಿಸಿಕೊಂಡು, ಕಂಪನಿ ಕೊಟ್ಟ ಹೋಲಿಕೆಯ ಹಾಳೆಯನ್ನು ಕೊನೆಯಿಂದ ಓದತೊಡಗಿದರು. ಅಂಗಡಿಯ ತೂಕದ ಕಲ್ಲನ್ನೂ ಅವರು ಯಾವಾಗಲೂ ಮಗುಚಿಯೇ ಓದುತ್ತಿದ್ದದ್ದು. ಎರಡನೆಯ ಪಾದ ಅನ್ನುವ ಸಾಲಿನ ಪಕ್ಕದಲ್ಲಿ ಸಾಸಿವೆಯಷ್ಟು ನಕ್ಷತ್ರ. ಹಾಳೆಯ ತಳದಲ್ಲಿ ಇರುವೆ ಹರಿದಂಥ ಅಕ್ಷರದಲ್ಲಿ ಅದರ ವಿವರ: ದೊಡ್ಡ ಆವೃತ್ತಿಯಲ್ಲಿ ಪ್ರತ್ಯೇಕ ಅಳತೆಯಿಂದ, ಚಿಕ್ಕ ಆವೃತ್ತಿಯಲ್ಲಿ ಮೊದಲ ಪಾದದ ಪ್ರತಿಬಿಂಬ.

ಮೇಸ್ತ್ರಿ ಅದನ್ನು ಎರಡು ಸಲ ಓದಿಸಿಕೊಂಡರು. ಹಾಗಾದರೆ ನಾನು ದಡ್ಡನಲ್ಲ ಎಂದು, ಯಾರಿಗೂ ಅಲ್ಲದೆ, ಗೋಡೆಯ ಅಚ್ಚುಗಳಿಗೆ ಹೇಳಿದರು.

ನಾದಿನಿ ಮಾತ್ರ ಬಿಳಿಚಿಕೊಂಡಳು. ಆ ಪಟ್ಟಿ ನಂಬಿ ಚಿಕ್ಕದನ್ನು ಕೊಂಡಿದ್ದರೆ ಪ್ರತಿಯೊಬ್ಬ ಗಿರಾಕಿಯ ಒಳ್ಳೆಯ ಕಾಲಿಗೂ ಕೆಟ್ಟ ಕಾಲಿನ ಬೂಟು ಬರುತ್ತಿತ್ತು. ಹಾಗಾದರೆ ಪರೀಕ್ಷೆಯಲ್ಲಿ ಏಳು ಜೋಡಿ ಸರಿಯಾಗಿ ಬಂದದ್ದು ಹೇಗೆ?

ಅದಕ್ಕೆ ಉತ್ತರ ಕೊಟ್ಟವಳು ಚರ್ಮ ಕತ್ತರಿಸುವ ಹೆಂಗಸು. ಅದೂ ತಕ್ಕಡಿಯಮ್ಮ ಮೂರು ಸಲ ಕೇಳಿದ ಮೇಲೆ. ಹೋದ ವಾರ ಒಂದು ದಿನ ಅವಳು ಊಟದಿಂದ ಬೇಗ ಮರಳಿದ್ದಳು. ನಾದಿನಿಯ ಕುರ್ಚಿಯಲ್ಲಿ ಯಾರೂ ಇರಲಿಲ್ಲ. ಆದರೆ ಪರದೆಯ ಮೇಲೆ ಎರಡನೆಯ ಪಾದದ ಗೆರೆ ತನ್ನಷ್ಟಕ್ಕೆ ಚೂರು ಚೂರೇ ಸರಿಯುತ್ತಿತ್ತು.

ಅಷ್ಟು ಕಂಡವಳು ಯಾಕೆ ಬಾಯಿ ಬಿಡಲಿಲ್ಲ ಎಂದು ನಾದಿನಿ ಸಿಡುಕಿದಳು.

“ಎರಡನೇ ಕಾಲು ಯಾರು ಮಾಡಿದ್ರು ಅಂತ ಇಲ್ಲಿ ಯಾವತ್ತು ಕೇಳಿದ್ದೀವಿ, ಅಕ್ಕ?”

 ಕಾರ್ಖಾನೆ ಶುರುವಾದ ದಿನದಿಂದ ನಡೆದುಬಂದದ್ದು ಹಾಗೆ. ಕಷ್ಟದ ಕಾಲಿನ ಅಚ್ಚನ್ನು ಮೇಸ್ತ್ರಿ ಕೆತ್ತಿ ಬೆಂಚಿನ ಮೇಲಿಡುತ್ತಾರೆ. ಅದರ ಜೊತೆಗಾರನನ್ನು ಕೈ ಖಾಲಿ ಇದ್ದವರು ಯಾರೋ ಕೆತ್ತಿ ಪಕ್ಕದಲ್ಲಿಟ್ಟು ಹೋಗುತ್ತಾರೆ. ಹೆಸರು ಬರೆಯುವುದಿಲ್ಲ, ಹೇಳಿಕೊಳ್ಳುವುದಿಲ್ಲ, ಕೇಳುವುದೂ ಇಲ್ಲ. ಸುಲಭದ ಕೆಲಸಕ್ಕೆ ಹೊಗಳಿಕೆ ಬೇಡಬಾರದೆಂದು ಹಿರಿಯರು ಮಾಡಿದ್ದ ಕಟ್ಟಳೆ. ಬೇರೆ ಯಾವ ಕಾರ್ಖಾನೆಯಲ್ಲಾದರೂ ಏಳು ದಿನದಲ್ಲಿ ಏಳು ಜನ ಕೇಳುತ್ತಿದ್ದ ಪ್ರಶ್ನೆಯನ್ನು ಇಲ್ಲಿ ಎರಡು ವಾರವಾದರೂ ಒಬ್ಬರೂ ಕೇಳಿರಲಿಲ್ಲ.

“ಕಳ್ಳ ಅಂದರೆ ತಗೊಂಡು ಹೋಗೋನು,” ಎಂದರು ತಕ್ಕಡಿಯಮ್ಮ ನಿಧಾನವಾಗಿ. “ಇವರು ಕೊಟ್ಟು ಹೋಗ್ತಿದ್ದಾರೆ.”

ಇನ್ನೇನು, ಆರನೆಯವರು ನಮ್ಮ ಮೇಸ್ತ್ರಿಯೇ ಎಂದು ನಾದಿನಿ ಅವರ ಕಡೆ ಕೈ ಮುಗಿಯುವವಳಂತೆ ತಿರುಗಿದಳು. ಮೇಸ್ತ್ರಿ ತಲೆಯಲ್ಲಾಡಿಸಿದರು. ತಕ್ಕಡಿಯಮ್ಮ ಅದಕ್ಕೂ ಮುಂಚೆಯೇ ಪ್ರತಿನಿಧಿಗೆ ಫೋನು ಮಾಡುತ್ತಿದ್ದರು.

ಕೇಳಿದ್ದಕ್ಕೆಲ್ಲ ಅವನು ತಾಳ್ಮೆಯಿಂದಲೇ ಉತ್ತರಿಸಿದ. ಕಲಿಕೆಯ ಆವೃತ್ತಿ ಅಂದರೆ ಚಿಕ್ಕದೇ, ಆದರೆ ಅದರ ಲೈಸೆನ್ಸು ಬೇರೆ. ಅದು ಕಾರ್ಖಾನೆಯ ಕುರ್ಚಿಗಳ ಲೆಕ್ಕಕ್ಕೆ ಬರುವುದಿಲ್ಲ, ಅದರಿಂದ ಕಾರ್ಖಾನೆಯ ಚಿತ್ರಗಳನ್ನು ತೆರೆಯಲೂ ಆಗದು. ಅಂದರೆ ಮೇಸ್ತ್ರಿ ಆರನೆಯ ಕುರ್ಚಿಯಲ್ಲಿ ಕೂತವರಲ್ಲ. ಹೊರಗಿನವರು ಒಳಗೆ ಬರಬಹುದೆ ಎಂದು ಕೇಳಿದ್ದಕ್ಕೆ, ಹೆಸರು ಮತ್ತು ಗುಪ್ತಪದ ಗೊತ್ತಿದ್ದರೆ ಯಾವ ಊರಿನಿಂದಲಾದರೂ ಬರಬಹುದು ಎಂದ. ಈ ಕ್ಷಣ ಒಳಗಿರುವವರ ಹೆಸರುಪಟ್ಟಿ ಯಜಮಾನರ ಕಂಪ್ಯೂಟರಿನಲ್ಲಿ ಮಾತ್ರ ಕಾಣುತ್ತದೆ, ಎಡಗಡೆ ಮೂಲೆಯ ಗುಂಡಿ ಒತ್ತಿ ಎಂದ.

ಫೋನು ಇಡುವ ಮುಂಚೆ ತಕ್ಕಡಿಯಮ್ಮ ಇನ್ನೊಂದು ಪ್ರಶ್ನೆ ಹಾಕಿದರು. ಚಿಕ್ಕದರ ಆರು ಸರದಿ ಕುರ್ಚಿಯ ಬದಲು ದೊಡ್ಡದರ ಮೂರು ತೆಗೆದುಕೊಂಡರೆ? ಅವನು ಸ್ವಲ್ಪ ಹೊತ್ತು ಲೆಕ್ಕ ಹಾಕಿ, ಹೆಚ್ಚೂ ಕಡಿಮೆ ಒಂದೇ ಬೀಳುತ್ತದೆ ಎಂದ. ಊಟಕ್ಕೆ ಏಳುವಾಗ ಮುಚ್ಚಿ ಏಳುವುದನ್ನು ಕಲಿತರೆ ಮೂರು ಸಾಕು ಎಂದೂ ಸೇರಿಸಿದ. ನಾದಿನಿ ತನ್ನ ಪಟ್ಟಿಯ ನಾಲ್ಕನೆಯ ಪುಟ ತೆಗೆದು, ಒಂದು ಸರಿಗುರುತನ್ನು ಹೊಡೆದು ಹಾಕಿ, ಪಕ್ಕದಲ್ಲಿ ಅಚ್ಚುಕಟ್ಟಾಗಿ ಹೊಸ ಸಾಲು ಬರೆದಳು. 

ಒಂದು ಗಂಟೆಗೆ ಐದು ನಿಮಿಷ ಇರುವಾಗ ತಕ್ಕಡಿಯಮ್ಮ, ನಾದಿನಿ, ಮೇಸ್ತ್ರಿ ಮೂವರೂ ಯಜಮಾನರ ಕೋಣೆಯಲ್ಲಿದ್ದರು.

ಯಜಮಾನರು ಒಣಗಿದ, ಎತ್ತರದ ಮನುಷ್ಯ. ಮೇಜಿನ ಮೇಲೆ ಖರೀದಿಯ ಕಾಗದ, ಅದರ ಮೇಲೆ ಮುಚ್ಚಳ ತೆಗೆದ ಪೆನ್ನು. ತಕ್ಕಡಿಯಮ್ಮ ಹೇಳಿದ್ದನ್ನೆಲ್ಲ ಅವರು ಕಿಟಕಿಯತ್ತ ಮುಖ ಮಾಡಿಯೇ ಕೇಳಿದರು. ಅಂಟಿನ ಕುಂಡದ ಮಾತಿಗೆ ತುಟಿಯ ಕೊನೆ ಸ್ವಲ್ಪ ಸಡಿಲಿತು. ಮೇಸ್ತ್ರಿಯ ಕೈ ನಡುಕದ ಮಾತಿಗೆ ತಟ್ಟನೆ ತಿರುಗಿ, ನನಗೆ ಹೇಳಬಾರದಿತ್ತೇನಯ್ಯ ಎಂದು ಅವರನ್ನೇ ಒಂದು ಗಳಿಗೆ ನೋಡಿದರು. ಪ್ರತಿಬಿಂಬದ ಸಾಲನ್ನು ಸ್ವತಃ ಓದಿ, ಪೆನ್ನಿಗೆ ಮುಚ್ಚಳ ಹಾಕಿದರು.

“ಇದೆಲ್ಲ ಸರಿ. ಆದರೆ ಗುಪ್ತಪದ ಇವಳ ಹತ್ತಿರ ಇತ್ತು. ಊಟದ ಹೊತ್ತಲ್ಲಿ ಎಲ್ಲಿಂದಲೋ ಒಳಗೆ ಬರ್ತಿದ್ದದ್ದು ಇವಳೇ ಅಲ್ಲ ಅಂತ ಹೇಗೆ ನಂಬಲಿ?”

ನಂಬುವುದು ಬೇಡ, ನೋಡಿ ಎಂದರು ತಕ್ಕಡಿಯಮ್ಮ. ಎಡಗಡೆ ಮೂಲೆಯ ಗುಂಡಿ ಒತ್ತಿಸಿದರು. ಪರದೆಯಲ್ಲಿ ಐದು ಹೆಸರು ಬಂದವು. ಆ ಕಡೆ ಕತ್ತರಿಸುವ ಕೋಣೆಯಲ್ಲಿ ಒಲೆ ಹಚ್ಚಿದ ಸದ್ದು, ಕುಂಡಗಳ ಟಣಟಣ. ಊಟದ ಗಂಟೆ ಹೊಡೆಯಿತು. ಮೊದಲೇ ಹೇಳಿಟ್ಟಿದ್ದಂತೆ ಒಬ್ಬೊಬ್ಬರೂ ಅಂದು ಮೊದಲ ಬಾರಿಗೆ ಸಾಫ್ಟ್‌ವೇರ್ ಮುಚ್ಚಿ ಎದ್ದರು. ನಾದಿನಿಯ ಮೇಜಿನದನ್ನು ಚರ್ಮದ ಹೆಂಗಸು ಎರಡನೆಯ ಪಾದದ ಗುಂಡಿ ಒತ್ತಿ, ಅದು ತಿರುಗಿ ನಿಂತ ಮೇಲೆ ಮುಚ್ಚಿದಳು. ಐದು ನಾಲ್ಕಾಯಿತು, ಎರಡಾಯಿತು. ಹೆಸರುಪಟ್ಟಿ ಖಾಲಿಯಾಯಿತು.

ನಾಲ್ವರೂ ಕಾದರು. ಯಜಮಾನರು ಒಮ್ಮೆ ಕೆಮ್ಮಿದರು.

ಒಂದು ಗಂಟೆ ಹನ್ನೆರಡು ನಿಮಿಷಕ್ಕೆ ಪಟ್ಟಿಯಲ್ಲಿ ಒಂದು ಹೆಸರು ಮೂಡಿತು.

ಅದು ನಾದಿನಿಯ ಹೆಸರು.

ನಾದಿನಿ ಆಗ ಯಜಮಾನರಿಂದ ಒಂದು ಮಾರು ದೂರದಲ್ಲಿ, ಬಾಗಿಲಿಗೆ ಬೆನ್ನು ಕೊಟ್ಟು, ಎರಡೂ ಕೈಯನ್ನು ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡು ನಿಂತಿದ್ದಳು. ಯಜಮಾನರು ಪರದೆಯನ್ನು ನೋಡಿದರು. ಅವಳನ್ನು ನೋಡಿದರು. ಮತ್ತೆ ಪರದೆ ನೋಡಿದರು.

“ನಿನ್ನೆ ನಾನಾಡಿದ ಮಾತು ವಾಪಸ್ಸು ತಗೊಂಡೆ, ಅಮ್ಮಾ,” ಎಂದರು. “ನಿನ್ನ ಪೀಠ ನಿನ್ನದೇ.”

ನಾದಿನಿ ಅತ್ತಿಗೆಯ ತೋಳು ಹಿಡಿದುಕೊಂಡಳು. ತಕ್ಕಡಿಯಮ್ಮನ ಗಮನ ಅಲ್ಲಿರಲಿಲ್ಲ. ಹೆಸರಿನ ಮೇಲೆ ಒತ್ತಿದರೆ ಆ ಕುರ್ಚಿಯಲ್ಲಿ ಯಾವ ಚಿತ್ರ ತೆರೆದಿದೆ ಎಂದು ಕಾಣುತ್ತದೆ ಎಂದು ಪ್ರತಿನಿಧಿ ಹೇಳಿದ್ದ. ಅವರು ಒತ್ತಿದರು.

ಎರಡು ಪಾದಗಳು ಬಂದವು. ಬಲಗಡೆಯದು ಬೆಳಿಗ್ಗೆ ನಾದಿನಿ ಬರೆದದ್ದು, ಕಮಾನು ಕುಸಿದ ಕಷ್ಟದ ಪಾದ. ಎಡಗಡೆಯದು ಅದರ ಪ್ರತಿಬಿಂಬ. ಆ ಪ್ರತಿಬಿಂಬದ ಗೆರೆ ಅವರ ಕಣ್ಣೆದುರಿಗೇ ಅಲುಗಿತು. ಯಾರೋ ಎಲ್ಲೋ ಕೂತು, ಒಂದೊಂದೇ ಬಿಂದು ಹಿಡಿದು, ಕುಸಿದ ಕಮಾನನ್ನು ಮೇಲಕ್ಕೆತ್ತುತ್ತಿದ್ದರು. ಅವಸರವಿಲ್ಲ. ಒಂದು ಬಿಂದು ಎಳೆದು, ನಿಂತು, ಅಳತೆಯ ಸಂಖ್ಯೆ ನೋಡಿ, ಇನ್ನೊಂದು. ಹಿಮ್ಮಡಿಯ ಹತ್ತಿರ ಬಂದಾಗ ಗೆರೆ ನೇರವಾಗಿ ಇ‌ಳಿಯದೆ ಒಳಕ್ಕೆ ಒಂದು ಸಣ್ಣ ತಿರುವು ತೆಗೆದುಕೊಂಡಿತು.

ಮೇಸ್ತ್ರಿ ಮುಂದೆ ಬಂದು ಮೇಜಿನ ಅಂಚು ಹಿಡಿದರು.

“ಈ ತಿರುವು ಪುಸ್ತಕದಲ್ಲಿಲ್ಲ,” ಎಂದರು. “ತರಗತೀಲೂ ಹೇಳಲ್ಲ. ನಾನು ಕಂಡುಕೊಂಡಿದ್ದು. ನಲವತ್ತು ವರ್ಷದಲ್ಲಿ ಒಬ್ಬರಿಗೇ ಹೇಳಿಕೊಟ್ಟಿದ್ದೀನಿ.”

ಯಾರಿಗೆ ಎಂದು ತಕ್ಕಡಿಯಮ್ಮ ಕೇಳಿದರು.

 ಮೇಸ್ತ್ರಿ ಯಜಮಾನರ ಕಡೆ ನೋಡಿದರು, ಅಷ್ಟೆ. ಯಜಮಾನರು ಗೋಡೆ ತಡವಿಕೊಂಡು ಬಂದವರಂತೆ ಮೇಜು ಸುತ್ತಿ ಬಂದು ಕುರ್ಚಿಯಲ್ಲಿ ಕೂತರು. ಚಿತ್ರದ ಪಕ್ಕದಲ್ಲಿ ಟಿಪ್ಪಣಿ ಬರೆಯುವ ಬಿಳಿ ಚೌಕವೊಂದಿತ್ತು. ಒಳಗಿರುವವರು ಯಾರು ಬರೆದರೂ ಇನ್ನೊಬ್ಬರಿಗೆ ಕಾಣುವಂಥದು. ಯಜಮಾನರು ಎರಡೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತತೊಡಗಿದರು. ನಾದಿನಿ ಅತ್ತಿಗೆಯ ಭುಜದ ಮೇಲಿಂದ ಬಗ್ಗಿ ಓದಿದಳು. ಆರು ವರ್ಷದಲ್ಲಿ ಆ ಮನುಷ್ಯನಿಗೆ ಮದುವೆಯಾಗಿತ್ತು ಎಂದೂ ಅವಳು ಯಾರ ಬಾಯಲ್ಲೂ ಕೇಳಿರಲಿಲ್ಲ.

ಮಗಳೇ, ಎಲ್ಲಿದ್ದೀಯ?

ಗೆರೆ ಹಿಮ್ಮಡಿಯ ಅರ್ಧದಲ್ಲಿ ನಿಂತುಬಿಟ್ಟಿತು.

ಪಟ್ಟಿಯಲ್ಲಿ ಹೆಸರು ಹಾಗೇ ಇತ್ತು, ಹೋಗಲಿಲ್ಲ.  ಯಜಮಾನರ ಬೆರಳು ಗುಂಡಿಗಳ ಮೇಲೇ ಉಳಿದಿದ್ದವು.

ಆಮೇಲೆ ಬಿಳಿ ಚೌಕದಲ್ಲಿ, ಅವರು ಬರೆದ ಸಾಲಿನ ಕೆಳಗೆ, ಆ ಕಡೆಯಿಂದ ಅಕ್ಷರಗಳು ಒಂದೊಂದಾಗಿ ಮೂಡಿದವು.

ತಿರುವು ಗುರುತಿಸಿದ್ದು ಮೇಸ್ತ್ರಿ ಮಾಮ ತಾನೆ? ಮೊದಲು ಅವರನ್ನು ಕೋಣೆಯಿಂದ ಹೊರಗೆ ಕಳಿಸಿ.